ರೇಡಿಯೊ ಬಿಟ್ಟ ಕೊರೊಲ್ಲಾ

ಜಿಂಬೊಚೊ ನಿಲ್ದಾಣದಿಂದ ಮೇಲೆ ಬಂದರೆ ಇದೇ ಯಾಸುಕುನಿ ರಸ್ತೆ, ಟೋಕಿಯೊದ ಹಳೆ ಪುಸ್ತಕಗಳ ಪೇಟೆ. ನೋಡಿ, ಹೆಚ್ಚಿನ ಅಂಗಡಿಗಳು ರಸ್ತೆಯ ದಕ್ಷಿಣ ಬದಿಯಲ್ಲೇ ಉತ್ತರಕ್ಕೆ ಮುಖ ಮಾಡಿ ಕುಳಿತಿವೆ. ಬಿಸಿಲು ಬಿದ್ದರೆ ಕಾಗದ ಕೆಡುತ್ತದಲ್ಲ, ಅದಕ್ಕೆ. ನಾನು ಬಂದಿರುವುದು ಹಳೆಯ ಕಾರುಗಳ ಕ್ಯಾಟಲಾಗ್ ಹುಡುಕಿಕೊಂಡು. ಆಗ ಷೋರೂಮಿನಲ್ಲಿ ಪುಕ್ಕಟೆ ಕೊಡುತ್ತಿದ್ದ ಪುಸ್ತಿಕೆಗಳು.

ಅಂಗಡಿಯೊಳಗೆ ಕ್ಯಾಮೆರಾ ಬೇಡ ಎಂದರು, ಹಾಗಾಗಿ ಅಲ್ಲಿನ ದೃಶ್ಯ ಇಲ್ಲ. ಇದು ಪಕ್ಕದ ಓಣಿಯ ಕಾಫಿ ಅಂಗಡಿ. ಮೇಜಿನ ಮೇಲಿರುವುದು ಮೊದಲ ತಲೆಮಾರಿನ ಟೊಯೊಟಾ ಕೊರೊಲ್ಲಾ ಕಾರಿನ ಕ್ಯಾಟಲಾಗ್, 1966ರದ್ದು.

ಬೆಲೆ 6,600 ಯೆನ್. ಪುಕ್ಕಟೆ ಹಂಚಿದ ಕಾಗದಕ್ಕೆ ಇಷ್ಟೊಂದು ಹಣವೇ ಎಂದು ಮೂರು ಸಲ ಕಪಾಟಿನಲ್ಲಿಟ್ಟೆ, ಮೂರು ಸಲವೂ ಮತ್ತೆ ತೆಗೆದೆ. ಜಿಂಬೊಚೊ ಮಸಾಲೆ ಸಾರು ಹಾಕಿದ "ಕರಿ" ಅನ್ನಕ್ಕೂ ಹೆಸರಾದ ಪೇಟೆ. ಈ ದುಡ್ಡಿಗೆ ವಾರವಿಡೀ ಮಧ್ಯಾಹ್ನದ ಊಟ ಮುಗಿಯುತ್ತಿತ್ತು. ಆಮೇಲೆ ಯೋಚಿಸಿದೆ. ಕಾರು ಕೊಂಡವರ ಮನೆಗೆ ಕಾರೇ ಬಂತು, ಪುಸ್ತಿಕೆ ರದ್ದಿಗೆ ಹೋಯಿತು. ಇದನ್ನು ಜೋಪಾನ ಮಾಡಿದವರು ಕೊಳ್ಳಲಾಗದವರೇ ಇರಬೇಕು. ಹಾಗೆ ನೋಡಿದರೆ 6,600 ಹೆಚ್ಚಲ್ಲ. ಇಲ್ಲ, ಹೆಚ್ಚೇ. ಆದರೂ ಕೊಟ್ಟೆ.

ನಮ್ಮ ತಂದೆಯವರ ಟ್ರಂಕಿನಲ್ಲೂ ಒಂದು ಇತ್ತು, ಮಾರುತಿ 800ರದ್ದು. ತಿಪಟೂರಿನಲ್ಲಿ ಕೊನೆಯವರೆಗೂ ಅವರು ಸ್ಕೂಟರಿನಲ್ಲೇ ಓಡಾಡಿದರು. ಆ ಹಾಳೆಯನ್ನು ಮಾತ್ರ ಮನೆಪತ್ರದ ಜೊತೆಗೆ, ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದರು. 1983ರ ಆ ಮೊದಲ ಮಾರುತಿ ಜಪಾನಿನ ಸುಜುಕಿ ಫ್ರಂಟೆ ಕಾರಿನದೇ ಒಡಲು ಎಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಇಲ್ಲಿ 543 ಸಿಸಿ ಎಂಜಿನ್, ನಮ್ಮಲ್ಲಿ 796. ಅದಿರಲಿ, ಪುಟ ತಿರುಗಿಸುತ್ತೇನೆ.

ಅಯ್ಯೋ. ನೋಡಿದಿರಾ? ನಡುಪುಟ ಕಿತ್ತು ಬಂತು. ಕ್ಯಾಮೆರಾಗೆ ಚೆನ್ನಾಗಿ ಕಾಣಲೆಂದು ಅಂಗೈಯಿಂದ ಒತ್ತಿದೆ, ಪಿನ್ನು ತುಕ್ಕು ಹಿಡಿದಿತ್ತು. ಹತ್ತಿರದಿಂದ ತೋರಿಸುತ್ತೇನೆ: ಪಿನ್ನಿನ ಸುತ್ತ ಕಾಗದ ಕಂದಾಗಿ ಮಣ್ಣಿನ ಹೆಂಟೆಯ ಹಾಗೆ ಉದುರುತ್ತಿದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೋ ಕಾಪಾಡಿದ್ದನ್ನು ಹತ್ತು ನಿಮಿಷದಲ್ಲಿ ಹರಿದೆ. ಹೊಟ್ಟೆ ಉರಿಯುತ್ತಿದೆ. ಇದಕ್ಕೆ ಅಂಟು, ಟೇಪು ಯಾವುದನ್ನೂ ತಾಗಿಸುವುದಿಲ್ಲ. ಪಿನ್ನು ತೆಗೆದು ನೂಲಿನಿಂದ ಹೊಲಿಯುತ್ತೇನೆ.

ಒಳಗಿನ ಮಾತಿಗೆ ಬರುತ್ತೇನೆ. 1966ರ ಏಪ್ರಿಲ್‌ನಲ್ಲಿ ನಿಸ್ಸಾನ್ ಕಂಪನಿಯ ಡಾಟ್ಸನ್ ಸನ್ನಿ ಕಾರು ಬಂತು, 988 ಸಿಸಿ. ನವೆಂಬರ್‌ನಲ್ಲಿ ಕೊರೊಲ್ಲಾ, 1,077. ಟೊಯೊಟಾದವರು "ಇನ್ನೂ 100 ಸಿಸಿ" ಎಂದು ಊರೆಲ್ಲ ಸಾರಿದರು. ಕಳೆದು ನೋಡಿ, 89! ನನಗೆ ಈ ಜಾಹೀರಾತು ಹಿಡಿಸುವುದಿಲ್ಲ. ಕಾರು ಬೇರೆ ಮಾತು. ಆಗಿನ ಜಪಾನಿ ಕಾರುಗಳಲ್ಲಿ ಗೇರ್ ಹಿಡಿಕೆ ಸ್ಟೇರಿಂಗ್ ಬುಡದಲ್ಲಿರುವುದೇ ವಾಡಿಕೆಯಾಗಿತ್ತು. ಕೊರೊಲ್ಲಾ ಅದನ್ನು ನೆಲಕ್ಕೆ ತಂದು ನಾಲ್ಕು ಗೇರ್ ಕೊಟ್ಟಿತು. ಮುಖ್ಯ ಎಂಜಿನಿಯರ್ ತತ್ಸುವೊ ಹಸೆಗಾವಾ ಮೊದಲು ವಿಮಾನ ವಿನ್ಯಾಸ ಮಾಡಿದ್ದವರು.

ಈಗ ಹಿಂಬದಿ. ನಾನು ಇದನ್ನು ಕೊಂಡದ್ದೇ ಇದಕ್ಕಾಗಿ. ಮೂಲೆಯಲ್ಲಿ ಮಾರಾಟಗಾರರ ನೇರಳೆ ಮುದ್ರೆ, ಅದರ ಕೆಳಗೆ ಪೆನ್ಸಿಲ್ ಲೆಕ್ಕ. ಮೇಲೆ 43.2, ಅಂದರೆ 4,32,000 ಯೆನ್, ಸಾಧಾರಣ ಮಾದರಿಯ ಬೆಲೆ. ಇಲ್ಲಿನವರು ಹತ್ತು ಸಾವಿರಗಳಲ್ಲಿ ಎಣಿಸುತ್ತಾರೆ. ಅದರ ಕೆಳಗೆ "ರಾಜಿಯೊ", ಅಂದರೆ ರೇಡಿಯೊ, ಎಂದು ಬರೆದು ಮೊತ್ತ ಕೂಡಿಸಿದ್ದಾರೆ. ಆಮೇಲೆ ರೇಡಿಯೊದ ಮೇಲೆ ಗೆರೆ ಎಳೆದು ಮತ್ತೆ ಕೂಡಿಸಿದ್ದಾರೆ. ಎರಡನೆಯ ಮೊತ್ತದ ಕೆಳಗೆ ಎರಡು ಗೆರೆ ಇವೆ, ಪೆನ್ಸಿಲ್ ಎಷ್ಟು ಒತ್ತಿದೆಯೆಂದರೆ ಈ ಬದಿಯಲ್ಲೂ ಉಬ್ಬು ಬೆರಳಿಗೆ ಸಿಗುತ್ತದೆ. ತಂದೆಯವರೂ ಹೀಗೆಯೇ ಒತ್ತಿ ಬರೆಯುತ್ತಿದ್ದರು.

ಅಂಗಡಿಯಲ್ಲಿ 1970ರ ಸನ್ನಿಯ ಕ್ಯಾಟಲಾಗ್ ಕೂಡ ಇತ್ತು. ಎಂಜಿನ್ನನ್ನು 1,200ಕ್ಕೆ ಏರಿಸಿ, "ಪಕ್ಕದ ಕಾರು ಚಿಕ್ಕದಾಗಿ ಕಾಣುತ್ತದೆ" ಎಂದು ನಿಸ್ಸಾನ್‌ನವರು ಹೊಡೆದ ಮರುಏಟಿನ ಕಾಲದ್ದು. ಜಂಬದ ಜಾಹೀರಾತು ಬೇಡವೆಂದು ಬಿಟ್ಟು ಬಂದೆ. ಅದರ ಹಿಂಬದಿಯನ್ನು ತಿರುಗಿಸಿಯೂ ನೋಡಲಿಲ್ಲವಲ್ಲ! ಅಲ್ಲಿಯೂ ಯಾರದಾದರೂ ಲೆಕ್ಕ ಇರಬಹುದು. ಬಾಗಿಲು ಹಾಕಲು ಇನ್ನು ಇಪ್ಪತ್ತು ನಿಮಿಷ ಇದೆ. ಕ್ಯಾಮೆರಾ ಆರಿಸುತ್ತೇನೆ, ಓಡಬೇಕು.