ಬರೀ ಸಲಹೆ ಕೊಟ್ಟರೆ ಸಾಕೇ, ಕೌನ್ಸಿಲ್‌ನವರೇ?

ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಇರುವ ನಮ್ಮ ಕನ್ನಡದವರಿಗೆ ಮೊದಲು ಒಂದು ಮಾತು. ಮನೆಗೆ 'ನೇಬರ್‌ಹುಡ್ ಪ್ಲಾನ್' ಅಂತ ಒಂದು ಕಾಗದ ಬಂದರೆ ಅದನ್ನು ಪಿಜ್ಜಾ ಜಾಹೀರಾತಿನ ಜೊತೆ ಕಸಕ್ಕೆ ಹಾಕಬೇಡಿ. ಅದಕ್ಕೆ ನಿಮ್ಮ ಓಟೂ ಬೇಕು. ಹೌದು, ನಿಮ್ಮ ಕೈಯಲ್ಲಿರುವುದು ಇನ್ನೂ ಇಂಡಿಯನ್ ಪಾಸ್‌ಪೋರ್ಟ್ ಆದರೂ! ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸ ಇದ್ದು ಹೆಸರು ನೋಂದಾಯಿಸಿದ್ದರೆ ಸ್ಥಳೀಯ ಚುನಾವಣೆಯಲ್ಲಿ ಓಟು ಹಾಕಬಹುದು. ಈ ಪ್ಲಾನ್ ಮೇಲೆ ನಡೆಯುವ ಜನಮತಕ್ಕೂ ಅದೇ ಲೆಕ್ಕ.

ವಿಷಯ ಏನಪ್ಪಾ ಅಂದರೆ, 2011ರಲ್ಲಿ ಇಂಗ್ಲೆಂಡಿಗೆ ಲೋಕಲಿಸಂ ಆಕ್ಟ್ ಬಂತು. ಹೊಸ ಮನೆಗಳು ಎಲ್ಲಿ ಬರಬೇಕು, ಹೇಗಿರಬೇಕು, ಯಾವ ಹಸಿರು ಜಾಗ ಮುಟ್ಟಬಾರದು ಅಂತ ಆ ಊರಿನವರೇ ಕೂತು ಬರೆಯಬಹುದು, ಅದೇ ನೇಬರ್‌ಹುಡ್ ಪ್ಲಾನ್. ಪ್ಯಾರಿಷ್ ಅಥವಾ ಟೌನ್ ಕೌನ್ಸಿಲ್ (ನಮ್ಮ ಗ್ರಾಮ ಪಂಚಾಯಿತಿ ತರಹದ ಊರಿನ ಪುಟ್ಟ ಕೌನ್ಸಿಲ್) ಇದ್ದ ಕಡೆ ಅದು ಮುಂದೆ ನಿಲ್ಲುತ್ತದೆ. ಇಲ್ಲದ ಕಡೆ ಕನಿಷ್ಠ 21 ಜನ ಸೇರಿ ಫೋರಂ ಕಟ್ಟಬೇಕು. ಕರಡು ಬರೆದು ಜನರಿಗೆ ತೋರಿಸಬೇಕು, ಪ್ಲಾನಿಂಗ್ ನೋಡಿಕೊಳ್ಳುವ ದೊಡ್ಡ ಕೌನ್ಸಿಲ್‌ಗೆ ಒಪ್ಪಿಸಬೇಕು, ಸ್ವತಂತ್ರ ಪರೀಕ್ಷಕರು ನೋಡಬೇಕು, ಆಮೇಲೆ ಓಟು. ಓಟು ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೌದು ಅಂದರೆ ಅದಕ್ಕೆ ಕಾನೂನಿನ ಬಲ ಬರುತ್ತದೆ. ಮೊಟ್ಟಮೊದಲು ಇದನ್ನು ಗೆದ್ದವರು ಕುಂಬ್ರಿಯಾದ ಅಪ್ಪರ್ ಈಡನ್‌ನ ಹಳ್ಳಿಯವರು, 2013ರಲ್ಲಿ.

ಇಲ್ಲಿಯವರೆಗೆ ಎಲ್ಲಾ ಚೆನ್ನಾಗಿದೆ. ನನ್ನ ತಕರಾರು ಇರುವುದು ಮುಂದಿನ ಸಾಲಿನಲ್ಲಿ. ಊರಿನವರಿಗೆ ಕೌನ್ಸಿಲ್ ಸಹಾಯ ಮಾಡಲೇಬೇಕು ಅನ್ನುತ್ತದೆ ಕಾನೂನು. ಎಷ್ಟು ಸಹಾಯ? ಕೌನ್ಸಿಲ್‌ಗೆ ಸರಿ ಅನಿಸಿದಷ್ಟು! ದುಡ್ಡು ಕೊಡಬೇಕಾಗಿಲ್ಲ ಅಂತ ಬೇರೆ ಸ್ಪಷ್ಟವಾಗಿ ಹೇಳಿಬಿಟ್ಟಿದೆ. ಪರೀಕ್ಷಕರ ಫೀಸು, ಓಟಿನ ಖರ್ಚು ಕೌನ್ಸಿಲ್‌ದೇ, ನಿಜ, ಆದರೆ ಅದೆಲ್ಲ ಕೊನೆಯ ಹಂತದ ಖರ್ಚು ಅಲ್ವಾ, ಅಲ್ಲಿಯವರೆಗೆ ವರ್ಷಗಟ್ಟಲೆ ಸಂಜೆ ಹೊತ್ತು ಮೀಟಿಂಗ್ ಮಾಡಿ, ಮನೆ ಮನೆಗೆ ಹೋಗಿ, ನಕ್ಷೆ ಹಿಡಿದು ತಲೆ ಕೆಡಿಸಿಕೊಳ್ಳುವವರು ಸಂಬಳ ಇಲ್ಲದ ಊರಿನ ಜನ.

ಹಾಗಾಗಿ ಎಲ್ಲವೂ ಆಯಾ ಕೌನ್ಸಿಲ್‌ನ ಮನಸ್ಸಿನ ಮೇಲೆ ನಿಂತಿದೆ. ಮನಸ್ಸಿದ್ದವರು ಒಬ್ಬ ಪ್ಲಾನಿಂಗ್ ಆಫೀಸರನ್ನು ಗೊತ್ತು ಮಾಡಿ ಕಳಿಸುತ್ತಾರೆ. ಆ ಮನುಷ್ಯ ನಕ್ಷೆ ಕೊಡುತ್ತಾರೆ, ಕರಡು ಓದಿ "ಈ ಸಾಲು ಪರೀಕ್ಷಕರ ಮುಂದೆ ನಿಲ್ಲೋಲ್ಲ, ಈಗಲೇ ತಿದ್ದಿಬಿಡಿ" ಅನ್ನುತ್ತಾರೆ. ಮನಸ್ಸಿಲ್ಲದವರು ವೆಬ್‌ಸೈಟಿನಲ್ಲಿ ಒಂದು ಪಿಡಿಎಫ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಪಿಡಿಎಫ್ ಹಾಕಿದ ಕಡೆ ಗೆಲ್ಲುವವರು ಯಾರು ಹೇಳಿ? ರಿಟೈರ್ ಆದ ಆರ್ಕಿಟೆಕ್ಟು, ಲಾಯರು ಇರುವ ಅನುಕೂಲಸ್ಥರ ಊರು. ಬಾಡಿಗೆ ಮನೆಗಳೇ ಜಾಸ್ತಿ ಇರುವ, ಶಿಫ್ಟ್ ಕೆಲಸಕ್ಕೆ ಓಡುವ ಜನರಿರುವ ಬಡಾವಣೆಗೆ ಆ ಪಿಡಿಎಫ್ ಓದಲೂ ಪುರುಸೊತ್ತಿಲ್ಲ. ಅಲ್ಲಿಗೇ ಆಫೀಸರ್ ಮೊದಲು ಹೋಗಬೇಕು ಅನ್ನುವುದು ನನ್ನ ವಾದ. ಕನ್ಸಲ್ಟೆಂಟ್ ಇಟ್ಟುಕೊಳ್ಳಲು ಸರ್ಕಾರದಿಂದ ಅಷ್ಟಿಷ್ಟು ಅನುದಾನ ಸಿಗುತ್ತಿತ್ತು. 2025ರಲ್ಲಿ ಅದನ್ನೂ ಮುಂದುವರಿಸುವುದಿಲ್ಲ ಅಂದರು. ಈಗ ಊರಿನವರಿಗೆ ಉಳಿದಿರುವುದು ಕೌನ್ಸಿಲ್ ಒಂದೇ.

"ಇದೆಲ್ಲ ನಮ್ಮೂರಿಗೆ ಹೊಸ ಮನೆ ಬೇಡ ಅನ್ನುವವರ ಆಟ" ಅಂತ ಕೆಲವರು ಮೂಗು ಮುರಿಯುತ್ತಾರೆ. ಸುಮ್ನೆ ಮಾತು. ಕೌನ್ಸಿಲ್‌ನ ದೊಡ್ಡ ಪ್ಲಾನಿನಲ್ಲಿ ಇಷ್ಟು ಮನೆ ಬರಬೇಕು ಅಂತ ಇದ್ದರೆ ಊರಿನ ಪ್ಲಾನ್ ಅದನ್ನು ಇಳಿಸುವ ಹಾಗಿಲ್ಲ. ಇದನ್ನು ಮೊದಲ ಮೀಟಿಂಗಿನಲ್ಲೇ ಹೇಳಬೇಕು. ಎರಡು ವರ್ಷ ಆದಮೇಲೆ ಹೇಳಿದರೆ ಜನ ಸಿಟ್ಟಾಗದೆ ಇರುತ್ತಾರಾ? ಇನ್ನೊಂದು, ರಸ್ತೆ, ಶಾಲೆಯಂಥ ಸೌಕರ್ಯಕ್ಕೆ ಅಂತ ಕಟ್ಟಡದವರಿಂದ ಕಮ್ಯೂನಿಟಿ ಇನ್‌ಫ್ರಾಸ್ಟ್ರಕ್ಚರ್ ಲೆವಿ ಎಂಬ ಶುಲ್ಕ ವಸೂಲಿ ಮಾಡುವ ಕಡೆ ಊರಿನ ಪಾಲು ಸಾಮಾನ್ಯವಾಗಿ 15 ಶೇಕಡಾ, ಪ್ಲಾನ್ ಇದ್ದರೆ 25 ಶೇಕಡಾ. ಇದನ್ನೂ ಹೇಳಿ ಸ್ವಾಮಿ, ಜನ ಬರುತ್ತಾರೆ.

ಕೌನ್ಸಿಲ್ ಬೆನ್ನಿಗೆ ನಿಂತರೆ ಏನಾಗುತ್ತದೆ ಅಂತ ನೋಡಬೇಕಾದರೆ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ನೋಡಿ. ಸಮುದ್ರ ತೀರದ ಚಂದದ ಊರು. ದುಡ್ಡಿದ್ದವರು ರಜೆಗೆ ಅಂತ ಮನೆ ಕೊಂಡು ಕೊಂಡು, ಅಲ್ಲೇ ಹುಟ್ಟಿ ಬೆಳೆದವರಿಗೆ ಮನೆ ಕೈಗೆ ಸಿಗದ ಹಾಗಾಗಿತ್ತು. ಹೊಸದಾಗಿ ಕಟ್ಟುವ ಮನೆ ವರ್ಷಪೂರ್ತಿ ವಾಸಕ್ಕೇ ಇರಬೇಕು ಅಂತ ಊರಿನವರು ಪ್ಲಾನಿನಲ್ಲಿ ಬರೆದರು. 2016ರ ಮೇ ತಿಂಗಳಲ್ಲಿ ಓಟು ಹಾಕಿದವರಲ್ಲಿ 80 ಶೇಕಡಾಕ್ಕೂ ಜಾಸ್ತಿ ಜನ ಒಪ್ಪಿದರು. ಒಂದು ಕಟ್ಟಡ ಕಂಪನಿ ಹೈಕೋರ್ಟಿಗೆ ಹೋಯಿತು. ಕೋರ್ಟಿನಲ್ಲಿ ಪ್ಲಾನಿನ ಪರ ನಿಂತದ್ದು ಕಾರ್ನ್‌ವಾಲ್ ಕೌನ್ಸಿಲ್, ಗೆದ್ದದ್ದೂ ಅದೇ. ಆ ನಿಯಮ ಹಳೆ ಮನೆಗಳಿಗೆ ತಟ್ಟುವುದಿಲ್ಲ, ದುಡ್ಡಿದ್ದವರು ಆ ಕಡೆ ತಿರುಗಬಹುದು, ಅದರ ಬಗ್ಗೆ ಜಗಳ ಇದ್ದೇ ಇದೆ. ಆದರೂ ನಾಲ್ಕು ಬೀದಿಯ ಜನ ಒಂದು ಕಂಪನಿಯ ವಕೀಲರ ಎದುರು ಒಬ್ಬರೇ ನಿಲ್ಲಬೇಕಾಗಿದ್ದರೆ?

ಬೆಂಗಳೂರಿನವರು ಇದನ್ನು ಕೇಳಿ ನಗುತ್ತಿರಬಹುದು. 3 ಲಕ್ಷ ಅಥವಾ ಅದಕ್ಕೂ ಜಾಸ್ತಿ ಜನ ಇರುವ ಊರಿಗೆ ವಾರ್ಡ್ ಕಮಿಟಿ ಬೇಕು ಅಂತ ಸಂವಿಧಾನದಲ್ಲೇ ಇದೆ, ಆದರೆ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಚುನಾವಣೆಯೇ ಇಲ್ಲದೆ ವರ್ಷಗಳು ಉರುಳಿದವು. ಅದಕ್ಕೆ ಇನ್ನೊಂದು ಎಪಿಸೋಡ್ ಬೇಕು.

ಇಲ್ಲಿರುವವರು ಮಾತ್ರ ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ 'ಸ್ಟೇಟ್‌ಮೆಂಟ್ ಆಫ್ ಕಮ್ಯೂನಿಟಿ ಇನ್ವಾಲ್ವ್‌ಮೆಂಟ್' ಅಂತ ಹುಡುಕಿ. ನೇಬರ್‌ಹುಡ್ ಪ್ಲಾನ್ ಮಾಡುವವರಿಗೆ ಏನು ಸಹಾಯ ಕೊಡುತ್ತೇವೆ ಅಂತ ಅದರಲ್ಲಿ ಬರೆದಿರಬೇಕು, ಅದು 2017ರ ಕಾನೂನಿನಿಂದ ಬಂದ ಕಡ್ಡಾಯ. ಓದಿ. ನಮ್ಮ ಏರಿಯಾಕ್ಕೆ ಯಾವ ಆಫೀಸರ್, ಸಂಜೆ ಮೀಟಿಂಗಿಗೆ ಬರುತ್ತಾರಾ, ಅಂತ ಮೇಲ್ ಹಾಕಿ. ಏನು ಉತ್ತರ ಬಂತು ಅಂತ ಕೆಳಗೆ ಕಾಮೆಂಟಿನಲ್ಲಿ ಹಾಕಿ, ಮುಂದಿನ ವಾರ ಅದನ್ನೇ ಓದೋಣ.