ರಥದಲ್ಲಿ ಕೇಳಿಬಂದ ಓದು

ಕೇಳುಗರೇ, ನಮಸ್ಕಾರ. ಬೈಬಲ್ ಓದುವವನಿಗೆ ಅರ್ಥ ತಿಳಿಯಲು ದೇವರ ನೆರವು ಹೇಗೆ ಬರುತ್ತದೆ ಎಂಬುದೇ ಇಂದಿನ ಮಾತು.

ಯೆರೂಸಲೇಮಿನಿಂದ ಗಾಜದ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ರಥ ಸಾಗುತ್ತಿದೆ. ಅದರಲ್ಲಿ ಕುಳಿತವನು ಐಥಿಯೋಪ್ಯದ ರಾಣಿಯ ಬೊಕ್ಕಸ ನೋಡಿಕೊಳ್ಳುವ ಕಂಚುಕಿ, ಅಂದರೆ ಅರಮನೆಯ ಸೇವೆಯಲ್ಲಿರುವ ನಪುಂಸಕ. ಕೈಯಲ್ಲಿ ಪ್ರವಾದಿ ಯೆಶಾಯನ ಸುರುಳಿ. ಆ ಕಾಲದವರ ವಾಡಿಕೆಯಂತೆ ಗಟ್ಟಿಯಾಗಿಯೇ ಓದುತ್ತಿದ್ದಾನೆ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಓಡಿಬಂದಾಗ ಅವನ ಕಿವಿಗೆ ಅದು ಬಿದ್ದದ್ದು ಹೀಗೆ. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪ ಕೇಳುತ್ತಾನೆ. ಯಾರಾದರೂ ದಾರಿ ತೋರಿಸದೆ ಹೇಗೆ ಅರ್ಥವಾದೀತು ಎಂದು ಆತ ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ.

ಲೂಕ ಬರೆದ ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದ ಈ ಪ್ರಸಂಗವನ್ನು ನಾನು ಎಷ್ಟೋ ಸಲ ಓದಿದ್ದರೂ ಒಂದು ಸಂಗತಿ ತಡವಾಗಿ ಕಣ್ಣಿಗೆ ಬಿತ್ತು. ಪವಿತ್ರಾತ್ಮನು ಇಲ್ಲಿ ಮಾತನಾಡಿದ್ದು ಫಿಲಿಪ್ಪನೊಡನೆ, ಓದುತ್ತಿದ್ದವನೊಡನೆ ಅಲ್ಲ. ತಿಳಿಯಬೇಕೆಂದು ಹಂಬಲಿಸುತ್ತಿದ್ದವನಿಗೆ ಯಾವ ದನಿಯೂ ಕೇಳಿಸಲಿಲ್ಲ. ಅವನಿಗೆ ಸಿಕ್ಕ ದೈವಿಕ ನೆರವೆಂದರೆ ಏದುಸಿರು ಬಿಡುತ್ತ ಬಂದ ಒಬ್ಬ ಮನುಷ್ಯ.

ಸತ್ಯದ ಆತ್ಮನು ಬಂದಾಗ ನಿಮ್ಮನ್ನು ಎಲ್ಲ ಸತ್ಯದೊಳಗೆ ನಡೆಸುವನು ಎಂಬ ಯೇಸುವಿನ ವಾಗ್ದಾನ ಯೋಹಾನನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿದೆ. ಅಲ್ಲಿರುವುದು ‘ನಿನ್ನನ್ನು’ ಅಲ್ಲ, ‘ನಿಮ್ಮನ್ನು’. ಮೂಲ ಗ್ರೀಕಿನಲ್ಲೂ ಬಹುವಚನವೇ. ಒಂಟಿಯಾಗಿ ಕುಳಿತು ‘ದೇವರೇ ನನಗೆ ಇದರ ಅರ್ಥ ತಿಳಿಸಿದ’ ಎಂದು ಪುಸ್ತಕ ಮುಚ್ಚುವವರು ಈ ಬಹುವಚನವನ್ನು ಮರೆಯುತ್ತಾರೆ. ಆ ಮಾತು ಬಂದ ಮೇಲೆ ಚರ್ಚೆಗೆ ಜಾಗವೆಲ್ಲಿ?

ಇನ್ನು ಕೆಲವರು ಕಣ್ಣು ಮುಚ್ಚಿ ಪುಟ ತೆರೆದು, ಬೆರಳು ಬಿದ್ದ ವಾಕ್ಯವನ್ನೇ ಅಪ್ಪಣೆಯೆಂದು ಹಿಡಿಯುತ್ತಾರೆ. ಕೇಳಿದರೆ ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನನನ್ನು ಮುಂದಿಡುತ್ತಾರೆ. ನಿಜ, 386ರಲ್ಲಿ ಮಿಲಾನಿನ ತೋಟದಲ್ಲಿ ‘ತೆಗೆದುಕೊಂಡು ಓದು’ ಎಂಬ ಮಗುವಿನ ದನಿ ಕೇಳಿ ಆತ ಬೈಬಲ್ಲಿನಲ್ಲಿರುವ ಅಪೊಸ್ತಲ ಪೌಲನ ಪತ್ರ ತೆರೆದ, ಬದುಕೇ ತಿರುಗಿತು. ಆದರೆ ಅದಕ್ಕೆ ಮೊದಲು ಆತ ಅದೇ ಊರಿನ ಬಿಷಪ್ ಆಂಬ್ರೋಸನ ಪ್ರಸಂಗಗಳಿಗೆ ಕಿವಿಗೊಟ್ಟಿದ್ದ, ಪೌಲನನ್ನು ಓದಿ ತಲೆ ಕೆಡಿಸಿಕೊಂಡಿದ್ದ. ಬೆರಳು ಬಿದ್ದದ್ದು ಉತ್ತ ಹೊಲದ ಮೇಲೆ.

‘ನನ್ನ ಕಣ್ಣು ತೆರೆ’ ಎಂಬ ಪ್ರಾರ್ಥನೆ 119ನೆಯ ಕೀರ್ತನೆಯದು. ಆ ಕೀರ್ತನೆಯ ಕಟ್ಟಡವನ್ನೇ ನೋಡಿ: ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ತಲಾ 8ರಂತೆ 176 ವಚನಗಳು, ಪ್ರತಿಯೊಂದೂ ತನ್ನ ಪಾಲಿನ ಅಕ್ಷರದಿಂದಲೇ ಆರಂಭ. ಕಣ್ಣು ತೆರೆಸೆಂದು ಬೇಡಿದ ಕವಿ ಅಕ್ಷರ ಅಕ್ಷರಕ್ಕೂ ಬೆವರು ಸುರಿಸಿದವನು. ಬೇಡುವುದು ಬೇರೆ, ದುಡಿಯುವುದು ಬೇರೆ ಎಂದು ಅವನಿಗೆ ಅನಿಸಿರಲಾರದು.

ಇಷ್ಟೆಲ್ಲ ಇದ್ದೂ ಓದುಗರು ಬೇರೆ ಬೇರೆ ದಿಕ್ಕಿಗೆ ಹೋಗುತ್ತಾರೆ. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನ ಕೋಟೆಯಲ್ಲಿ ಚರ್ಚಿನ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರಾದರು. ಇಬ್ಬರೂ ಪಂಡಿತರು, ಇಬ್ಬರೂ ಪ್ರಾರ್ಥನಾಶೀಲರು. 15 ಅಂಶಗಳ ಪೈಕಿ 14ಕ್ಕೆ ಒಪ್ಪಿದವರು, ಕಡೆಯ ಭೋಜನದಲ್ಲಿ ರೊಟ್ಟಿ ಕೊಡುತ್ತ ಯೇಸು ಹೇಳಿದ ‘ಇದು ನನ್ನ ದೇಹ’ ಎಂಬ ಮಾತಿನ ಅರ್ಥದಲ್ಲಿ ಒಂದಾಗದೆ ಎದ್ದುಹೋದರು. ಪವಿತ್ರಾತ್ಮನು ಯಾರ ಕಡೆಗಿದ್ದ? ನನ್ನ ಬಳಿ ಸಲೀಸಾದ ಉತ್ತರವಿಲ್ಲ. ನೆರವು ಸಿಕ್ಕವರೂ ತಪ್ಪಬಲ್ಲರು ಎಂಬುದನ್ನು ಮಾತ್ರ ನುಂಗಿಕೊಳ್ಳಲೇಬೇಕು.

ರಥಕ್ಕೆ ಹಿಂತಿರುಗೋಣ. ಪ್ರವಾದಿ ಇದನ್ನು ತನ್ನ ಕುರಿತು ಹೇಳಿದನೋ, ಮತ್ತೊಬ್ಬನ ಕುರಿತೋ ಎಂದು ಕಂಚುಕಿ ಕೇಳುತ್ತಾನೆ. ಓದುತ್ತಿದ್ದ ಭಾಗದಲ್ಲಿ ಬರುವ ‘ಅವನು’ ಎಂದರೆ ಯಾರು ಎಂಬ ಸಾಮಾನ್ಯ ಪ್ರಶ್ನೆ ಅದು. ಫಿಲಿಪ್ಪ ಅಲ್ಲಿಂದಲೇ ಆರಂಭಿಸಿ ಯೇಸುವಿನವರೆಗೆ ಹೋಗುತ್ತಾನೆ. ಸ್ನಾನದೀಕ್ಷೆ ಆಗುತ್ತದೆ. ಆತ್ಮನು ಫಿಲಿಪ್ಪನನ್ನು ಎತ್ತಿಕೊಂಡು ಹೋಗುತ್ತಾನೆ. ಕಂಚುಕಿ ಸಂತೋಷದಿಂದ ತನ್ನ ದಾರಿ ಹಿಡಿಯುತ್ತಾನೆ, ಈಗ ಪಕ್ಕದಲ್ಲಿ ಯಾರೂ ಇಲ್ಲ.

ಅವನು ಓದುತ್ತಿದ್ದದ್ದು ಇಂದಿನ ಎಣಿಕೆಯಲ್ಲಿ ಯೆಶಾಯನ 53ನೆಯ ಅಧ್ಯಾಯ. ಸುರುಳಿಯನ್ನು ತುಸು ಬಿಚ್ಚಿದರೆ 56 ಬರುತ್ತದೆ. ಪರದೇಶಿಯೂ ನಪುಂಸಕನೂ ತಾವು ಹೊರಗಿನವರೆಂದು ಕೊರಗದಿರಲಿ, ನನ್ನ ಆಲಯದಲ್ಲಿ ಅವರಿಗೆ ಹೆಸರಿದೆ ಎಂದು ದೇವರು ಹೇಳುವುದು ಅಲ್ಲಿಯೇ. ಅವನು ಅದನ್ನು ಓದಿದನೇ? ಲೂಕ ಹೇಳುವುದಿಲ್ಲ. ಐಥಿಯೋಪ್ಯ ಇನ್ನೂ ಬಹಳ ದೂರವಿತ್ತು.