ನಿಮ್ಮ ಬೀದಿಯಲ್ಲೇ ನಿಂತು ನೋಡಿ

ಕೇಳುಗರಿಗೆ ನಮಸ್ಕಾರ.

ರಜೆ ಬಂತೆಂದರೆ ನಮ್ಮವರು ಹಂಪಿಗೆ ಹೊರಡುತ್ತಾರೆ, ಬೇಲೂರಿಗೆ ಹೊರಡುತ್ತಾರೆ. ಒಳ್ಳೆಯದೇ, ಹೋಗಿ ಬನ್ನಿ. ಆದರೆ ನಮ್ಮ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಸುತ್ತ ಏನಿದೆ ಅಂತ ನೋಡಿದ್ದೀರಾ? ಕೆಲವು ವರ್ಷಗಳ ಹಿಂದೆ ಅಲ್ಲಿ ರಸ್ತೆ ಕೆಲಸಕ್ಕೆ ಅಗೆದಾಗ ಒಂದು ಹಳೆಯ ಬಾವಿ ಸಿಕ್ಕಿತು. ಅಷ್ಟು ಕಾಲ ನಮ್ಮ ಬಸ್ಸುಗಳು ಅದರ ಮೇಲೆಯೇ ಓಡುತ್ತಿದ್ದವು! ಸರಿ, ಬಾವಿ ಮಣ್ಣಿನಡಿ ಇತ್ತು. ಆದರೆ ಕಣ್ಣೆದುರು ಇರುವುದನ್ನಾದರೂ ನೋಡುತ್ತೇವಾ? ಇವತ್ತು ನಾನು ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಮನೆಯ ಹತ್ತಿರ, ನಿಮ್ಮದೇ ಬೀದಿಯಲ್ಲಿ, ಒಂದು ಕಡೆ ನಿಂತು ನೋಡಿ.

ಹಂಚಿನಿಂದಲೇ ಸುರು ಮಾಡೋಣ. ಜೆಪ್ಪುವಿನಲ್ಲಿ ಪರಿಚಯದವರ ಹಳೆಯ ಮನೆ ಕೆಡವುತ್ತಿದ್ದರು. ಫ್ಲ್ಯಾಟ್ ಬರುವುದಿತ್ತು. ಕೆಲಸದವರು ಮಾಡಿನ ಮೇಲೆ ಕೂತು ಹಂಚು ತೆಗೆಯುತ್ತಿದ್ದರು. ಹಂಚಿನಡಿಯ ಮರದ ಪಕ್ಕಾಸು, ರೀಪು ಎಲ್ಲ ಹೊರಗೆ ಕಾಣುತ್ತಿತ್ತು. ಅಜ್ಜಿ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಫೋನ್ ನೋಡುತ್ತಾ ನಿಂತಿದ್ದ. "ಒಂದು ಹಂಚು ಮಗುಚಿ ನೋಡು ಮಾರಾಯ" ಎಂದೆ. ಒಲ್ಲದ ಮನಸ್ಸಿನಿಂದಲೇ ಎತ್ತಿಕೊಂಡ. ಒಲೆಯ ಮಸಿ ಉಜ್ಜಿದಾಗ ಇಂಗ್ಲಿಷ್ ಅಕ್ಷರಗಳು ಎದ್ದು ಬಂದವು. ಬಾಸೆಲ್ ಮಿಶನ್, 1865.

"ಇದು ವಿದೇಶದ್ದಾ ಸಾರ್?"

"ಅಲ್ಲ, ಇಲ್ಲೇ ಜೆಪ್ಪುವಿನದು."

ಅದು ಆ ಹಂಚು ಮಾಡಿದ ವರ್ಷವಲ್ಲ, ಕಾರ್ಖಾನೆ ಸುರುವಾದ ವರ್ಷ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ ಆಗ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ಮಣ್ಣು ನಮ್ಮ ನೇತ್ರಾವತಿಯದು, ಫಲ್ಗುಣಿಯದು. ದೋಣಿಯಲ್ಲಿ ಬರುತ್ತಿತ್ತು. ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವುದು. ಒಂದರ ಅಂಚು ಇನ್ನೊಂದರ ಗೆರೆಯಲ್ಲಿ ಸರಿಯಾಗಿ ಕೂರುತ್ತದೆ. ನಮ್ಮ ಆಟಿ ತಿಂಗಳ ಮಳೆಗೂ ನೀರು ಒಳಗೆ ಬರುವುದಿಲ್ಲ.

ಅಷ್ಟರಲ್ಲಿ ಅಜ್ಜಿ ಮಾತಿಗೆ ಬಂದರು. "ಕಾರ್ಖಾನೆಯ ಸೈರನ್ ಕೇಳಿದರೆ ಅಮ್ಮ ಕುಚ್ಚಲಕ್ಕಿ ಒಲೆಗೆ ಇಡುತ್ತಿದ್ದರು. ಗಡಿಯಾರ ಯಾರ ಮನೆಯಲ್ಲಿತ್ತು?" ಮೊಮ್ಮಗ ಈ ಮಾತು ಕೇಳಿದ್ದೇ ಮೊದಲಂತೆ. ಅವನು ಫೋನ್ ಕಿಸೆಗೆ ಹಾಕಿ ಒಂದೊಂದೇ ಹಂಚು ಮಗುಚತೊಡಗಿದ. ಬೇರೆ ಹೆಸರುಗಳೂ ಸಿಕ್ಕಿದವು. ಹೊಯ್ಗೆಬಜಾರಿನ ಅಲ್ಬುಕರ್ಕ್ ಹಂಚು ಸಿಕ್ಕಿತು. "ಅದು ತೆಂಗಿನಕಾಯಿ ಬಿದ್ದು ಅಡುಗೆಕೋಣೆಯ ಮಾಡು ಒಡೆದಾಗ ಹಾಕಿಸಿದ್ದು" ಎಂದರು ಅಜ್ಜಿ. ನೋಡಿ, ಆ ಮನೆಯ ಇತಿಹಾಸ ಪೂರ್ತಿ ಮಾಡಿನ ಮೇಲಿತ್ತು. ಸಂಜೆಗೆ ಲಾರಿ ಬಂತು, ಎಲ್ಲ ಹೋಯಿತು. ಹುಡುಗ ಅಜ್ಜಿ ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡ, ಅದೊಂದು ಉಳಿಯಿತು.

ಹಂಚಿಗೇ ಜಾಸ್ತಿ ಸಮಯ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಕದ್ರಿ ದೇವಸ್ಥಾನಕ್ಕೆ ಎಲ್ಲರೂ ಹೋಗುತ್ತೀರಿ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಶಾಸನವಿದೆ. ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮನ ಕಾಲದ್ದು, ಕ್ರಿ.ಶ. 968. ಸಾವಿರ ವರ್ಷ ದಾಟಿದ ಮೂರ್ತಿಯ ಎದುರು ಅರೆಗಳಿಗೆ ನಿಲ್ಲದೆ ಚಪ್ಪಲಿ ಹಾಕಲು ಓಡುವುದು ಯಾಕೆ? ಬಾವುಟಗುಡ್ಡೆ ಹತ್ತಿ ದಿನಾ ಕೆಲಸಕ್ಕೆ ಹೋಗುವವರೇ, ಸಂತ ಅಲೋಶಿಯಸ್ ಚಾಪೆಲ್‌ನ ಒಳಗೆ ಹೋಗಿದ್ದೀರಾ? ಇಟಲಿಯ ಆಂಟೋನಿಯೊ ಮೊಸ್ಕೆನಿ ಅದರ ಗೋಡೆ, ಮೇಲ್ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ್ದಾರೆ. ಹೊರದೇಶದವರು ಬಂದು ಕತ್ತೆತ್ತಿ ನೋಡುತ್ತಾರೆ, ಪಕ್ಕದ ಬೀದಿಯವರು ನೋಡುವುದಿಲ್ಲ. ನನಗೆ ಇದು ಅರ್ಥವೇ ಆಗುವುದಿಲ್ಲ. ಬೋಳೂರಿನ ಹಳೆಯ ಕಾವಲು ಗೋಪುರ ಸುಲ್ತಾನ್ ಬತ್ತೇರಿಯೂ ಹಾಗೆಯೇ. ಫೋಟೊ ತೆಗೆದು ಬರುತ್ತೀರಿ. ಗೋಡೆಯ ಕಿಂಡಿಗೆ ಕಣ್ಣಿಟ್ಟು ಹೊಳೆಯ ಕಡೆ ನೋಡಿ. ಟಿಪ್ಪು ಅದನ್ನು ಅಲ್ಲೇ ಯಾಕೆ ಕಟ್ಟಿಸಿದ ಅಂತ ಗೊತ್ತಾಗುತ್ತದೆ.

ಪುರುಸೊತ್ತಿಲ್ಲ ಅಂತ ಮಾತ್ರ ಹೇಳಬೇಡಿ. ನಿಂತು ನೋಡಲು ಐದು ನಿಮಿಷ ಸಾಕು. ಗೊತ್ತಾಗದಿದ್ದರೆ ಊರಿನ ಹಿರಿಯರನ್ನು ಕೇಳಿ. ನಿಮ್ಮದು ಹಂಚಿನ ಮನೆಯಾದರೆ, ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಜನ ಬರುತ್ತಾರಲ್ವಾ, ಆಗ ಒಂದನ್ನು ಕೆಳಗಿಳಿಸಲು ಹೇಳಿ. ಮಕ್ಕಳನ್ನು ಕರೆದು ಅವರ ಕೈಯಲ್ಲೇ ಮಗುಚಿಸಿ.

ನಮಸ್ಕಾರ.